ಗೌರಿಯ ಕೀಮೋ, ಅತ್ತೆಯ ಬೆಣ್ಣೆ

ಗೌರಿಯ ಕಥೆ ಹೇಳು ಅಂತ ಯಾರಾದರೂ ಕೇಳಿದರೆ ನಾನು ಶುರು ಮಾಡುವುದು ಮೀನಿನಿಂದ. ಯಾಕೆಂದರೆ ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಈರುಳ್ಳಿ ಅಡುಗೆಮನೆಯ ಹೊಸ್ತಿಲು ದಾಟಿದ್ದೇ ನಾನು ಮದುವೆಯಾಗಿ ಬಂದ ಮೇಲೆ, ಅದೂ ಸಾಕಷ್ಟು ರಾಜಿ ಪಂಚಾಯಿತಿ ನಡೆದ ಮೇಲೆ. ಬೆಳ್ಳುಳ್ಳಿ ಇವತ್ತಿಗೂ ಬಂದಿಲ್ಲ. ಅಂಥ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಇಂಡಕ್ಷನ್ ಒಲೆ, ಅದರ ಮೇಲೆ ಪುಟ್ಟ ಸ್ಟೀಲ್ ಪಾತ್ರೆ, ಪಾತ್ರೆಯಲ್ಲಿ ಕೊತಕೊತ ಕುದಿಯುವ ಬೂತಾಯಿ. ಹಿತ್ತಲ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತ ಅತ್ತೆ.

“ಇನ್ನೊಂದೆರಡು ನಿಮಿಷ ಬೇಯಲಿ ಕಣೇ, ಮುಳ್ಳು ಬಿಡಿಸೋಕೆ ಸುಲಭ ಆಗತ್ತೆ.”

ಮೀನು ಬೆಂದದ್ದು ಇವರಿಗೆ ಹೇಗೆ ತಿಳಿಯುತ್ತದೆ ಎಂದು ನಾನು ಕೇಳಲು ಹೋಗಲಿಲ್ಲ.

ಗೌರಿ ನಮ್ಮ ಮನೆಗೆ ಬಂದದ್ದು 2013ರ ಗೌರಿ ಹಬ್ಬದ ಸಂಜೆ. ಬಾಗಿನದ ಮೊರಗಳ ನಡುವೆ ಒಂದು ಬೂದು ಬಣ್ಣದ ಬೆಕ್ಕಿನ ಮರಿ ಬಂದು ಮಲಗಿತ್ತು. ಎತ್ತಿ ಹೊರಗೆ ಬಿಟ್ಟರೆ ಮತ್ತೆ ಅಲ್ಲಿಗೇ ಬಂತು. “ಹಬ್ಬದ ದಿನ ಬಂದಿದೆ, ಇರಲಿ ಬಿಡಿ” ಎಂದವರೂ ಅತ್ತೆಯೇ, ಹೆಸರಿಟ್ಟವರೂ ಅತ್ತೆಯೇ. ಮೊಸರನ್ನ, ಒಂದಿಷ್ಟು ಬೆಣ್ಣೆ, ಉಳಿದಂತೆ ಅಂಗಡಿಯ ಪ್ಯಾಕೆಟ್ಟಿನ ಒಣ ತಿಂಡಿ. ಆ ಪ್ಯಾಕೆಟ್ಟಿನ ಮೇಲೆ ಇಷ್ಟು ದೊಡ್ಡ ಮೀನಿನ ಚಿತ್ರವಿತ್ತು. ಅತ್ತೆ ಅದನ್ನು ಹತ್ತು ವರ್ಷವೂ ‘ಬಿಸ್ಕತ್ತು’ ಎಂದೇ ಕರೆದರು. ಮನೆ ಅನ್ನುವುದು ನಡೆಯುವುದೇ ಇಂಥ ಒಪ್ಪಂದಗಳ ಮೇಲೆ.

2023ರ ಮಳೆಗಾಲದಲ್ಲಿ ಅದು ವಾಂತಿ ಮಾಡತೊಡಗಿತು. ಬೆಕ್ಕು ವಾಂತಿ ಮಾಡುವುದು ದೊಡ್ಡ ಸುದ್ದಿಯಲ್ಲ. ಮೈ ನೆಕ್ಕಿಕೊಂಡು ಹೊಟ್ಟೆಗೆ ಸೇರಿದ ಕೂದಲನ್ನು ಆಗಾಗ ಹೊರಗೆ ಹಾಕುತ್ತಲೇ ಇರುತ್ತದೆ. ಆದರೆ ಎತ್ತಿಕೊಂಡಾಗ ಕೈಗೆ ಬೆನ್ನುಮೂಳೆ ತಗುಲಿತು. ನಾಲ್ಕು ಕಿಲೊ ಮೇಲಿದ್ದ ಪ್ರಾಣಿ ಮೂರಕ್ಕೆ ಇಳಿದಿತ್ತು. ಮೈಸೂರಿನ ನಮ್ಮ ಡಾಕ್ಟರು ಜಂತುಹುಳದ ಔಷಧಿ ಕೊಟ್ಟು, ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಸ್ಕ್ಯಾನ್ ಮಾಡಿದರು. ಬೆಕ್ಕಿನ ಕರುಳಿನ ಗೋಡೆ ಎರಡು ಮೂರು ಮಿಲಿಮೀಟರ್ ದಪ್ಪ ಇರಬೇಕಂತೆ. ಇದರದು ಒಂದು ಕಡೆ ಎಂಟರ ಹತ್ತಿರ ಬಂದಿತ್ತು. ಪಕ್ಕದ ದುಗ್ಧಗ್ರಂಥಿಗಳೂ ಊದಿಕೊಂಡಿದ್ದವು. “ಬೆಂಗಳೂರಿಗೆ ಒಮ್ಮೆ ತೋರಿಸಿಕೊಂಡು ಬನ್ನಿ” ಎಂದರು. ಡಾಕ್ಟರುಗಳು ಈ ಮಾತನ್ನು ಒಂದು ವಿಶೇಷ ದನಿಯಲ್ಲಿ ಹೇಳುತ್ತಾರೆ. ಮನುಷ್ಯರ ಡಾಕ್ಟರಾಗಲಿ, ದನದ ಡಾಕ್ಟರಾಗಲಿ, ದನಿ ಒಂದೇ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಮಾವನವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು, 2004ರಲ್ಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಕೊಡಿಸಿದರು. ಆಗ ಇನ್ನೂ ನಾನು ಈ ಮನೆಗೆ ಹೊಸಬಳು. ನನಗೆ ಮೊದಲ ದಿನವೇ ಸಿಕ್ಕ ಸೂಚನೆ ಎಂದರೆ, ‘ಅಪ್ಪನಿಗೆ ಗೊತ್ತಿಲ್ಲ, ಗ್ಯಾಸ್ಟ್ರಿಕ್ ಅಂತ ಹೇಳಿದ್ದೀವಿ.’ ತೀರ್ಮಾನ ನನ್ನ ಗಂಡನದು, ಭಾವನದು. ಅತ್ತೆಯನ್ನು ಯಾರೂ ಕೇಳಿರಲಿಲ್ಲ. ಬಂದ ನೆಂಟರಿಗೆಲ್ಲ ಗೇಟಿನಲ್ಲೇ ಪಾಠ ಹೇಳಿ ಒಳಗೆ ಬಿಡುತ್ತಿದ್ದರು. ಮಾವ ತೀರಿಕೊಂಡ ಮೇಲೂ ಆ ಹೆಸರು ನಮ್ಮ ಮನೆಯಲ್ಲಿ ಬರಲಿಲ್ಲ. ‘ಆ ಕಾಯಿಲೆ’ ಎನ್ನುವುದು, ಇಲ್ಲವೇ ಬರೀ ಕೈಸನ್ನೆ.

ಬೆಂಗಳೂರಿನ ಡಾಕ್ಟರಮ್ಮನಿಗೆ ಇದೆಲ್ಲ ಏನು ಗೊತ್ತು! ಮೂವತ್ತೈದರ ಒಳಗಿನ ಹುಡುಗಿ. ಸೂಜಿ ಹಾಕಿ ತೆಗೆದ ಜೀವಕೋಶಗಳ ವರದಿ ಬಂದ ದಿನ ನಮ್ಮ ಮೂವರನ್ನೂ ಕೂರಿಸಿಕೊಂಡು ಗಟ್ಟಿಯಾಗಿ, ಸ್ಪಷ್ಟವಾಗಿ, “ಇದು ಕ್ಯಾನ್ಸರ್. ಲಿಂಫೋಮಾ ಅಂತ” ಎಂದುಬಿಟ್ಟರು. ನನ್ನ ಗಂಡ ಕಾರಿನ ಕೀ ತಿರುಗಿಸುತ್ತಾ ಕೂತರು. ನಾನು ಅತ್ತೆಯ ಮುಖ ನೋಡಿದೆ.

ಅತ್ತೆ ಕೇಳಿದ್ದು ಒಂದೇ. “ಅದಕ್ಕೆ ಗೊತ್ತಾ?”

“ಯಾರಿಗಮ್ಮಾ?”

“ಗೌರಿಗೆ.”

ಆ ಹುಡುಗಿ ನಗಲಿಲ್ಲ, ಅದಕ್ಕೇ ನನಗೆ ಇವತ್ತಿಗೂ ಆಕೆಯ ಮೇಲೆ ಗೌರವ. “ಹೊಟ್ಟೆ ತೊಳಸೋದು ಗೊತ್ತಾಗತ್ತೆ ಅಮ್ಮ. ಹೆಸರು ಗೊತ್ತಿಲ್ಲ.”

ಆಮೇಲೆ ವಿವರವಾಗಿ ಹೇಳಿದರು. ಬೆಕ್ಕುಗಳಿಗೆ ಲಿಂಫೋಮಾ ಬರುವುದು ಅಪರೂಪವಲ್ಲ. ಹಿಂದೆ ಲ್ಯುಕೀಮಿಯಾ ವೈರಸ್ ತಗುಲಿದ ಎಳೆಯ ಬೆಕ್ಕುಗಳಲ್ಲಿ, ಎದೆಯೊಳಗೆ ಗಡ್ಡೆಯಾಗಿ ಹೆಚ್ಚಾಗಿ ಕಾಣುತ್ತಿತ್ತು. ಆ ವೈರಸ್ಸಿಗೆ ಪರೀಕ್ಷೆ, ಲಸಿಕೆ ಬಳಕೆಗೆ ಬಂದ ದೇಶಗಳಲ್ಲಿ ಈಗ ವಯಸ್ಸಾದ ಬೆಕ್ಕುಗಳ ಕರುಳಿನಲ್ಲೇ ಹೆಚ್ಚು. ಗೌರಿಗೆ ಆ ವೈರಸ್ ಇರಲಿಲ್ಲ. ಕರುಳಿನ ಲಿಂಫೋಮಾದಲ್ಲೂ ಎರಡು ಜಾತಿ. ಸಣ್ಣ ಜೀವಕೋಶದ್ದು ನಿಧಾನದ್ದು, ಮನೆಯಲ್ಲೇ ಮಾತ್ರೆ ಕೊಟ್ಟುಕೊಂಡು ವರ್ಷಗಟ್ಟಲೆ ನಿಭಾಯಿಸಬಹುದು. ದೊಡ್ಡ ಜೀವಕೋಶದ್ದು ಅವಸರದ್ದು, ಬಿಟ್ಟರೆ ಕೆಲವೇ ವಾರ. ನಮ್ಮದು ಎರಡನೆಯದು. ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಸೈಕ್ಲೋಫಾಸ್ಫಮೈಡ್ ಮಾತ್ರೆ, ದಿನಾ ಪ್ರೆಡ್ನಿಸೊಲೋನ್. ಮೊದಮೊದಲು ವಾರಕ್ಕೊಮ್ಮೆ ಇಂಜೆಕ್ಷನ್, ಆಮೇಲೆ ಮೂರು ವಾರಕ್ಕೊಮ್ಮೆ.

“ಮನುಷ್ಯರಿಗೆ ಗುಣ ಮಾಡ್ಬೇಕು ಅಂತ ಜೋರಾಗೇ ಕೊಡ್ತಾರೆ, ಕಷ್ಟ ಆದ್ರೂ ತಡ್ಕೋಬೇಕು ಅಂತಾರೆ. ಬೆಕ್ಕಿಗೆ ನಾವು ಹಾಗೆ ಹೇಳೋಕಾಗಲ್ಲ. ಅದು ಚೆನ್ನಾಗಿರೋ ದಿನ ಜಾಸ್ತಿ ಮಾಡೋದಷ್ಟೇ ನಮ್ಮ ಲೆಕ್ಕ. ಅದಕ್ಕೇ ಡೋಸ್ ಕಮ್ಮಿ. ತೀರಾ ಒದ್ದಾಡ್ತಿದೆ ಅಂದ್ರೆ ಇನ್ನೂ ಕಮ್ಮಿ ಮಾಡೋದು, ಇಲ್ಲಾ ನಿಲ್ಲಿಸೋದು.”

ವಾಪಸ್ ಬರುವಾಗ ಎಕ್ಸ್‌ಪ್ರೆಸ್ ಹೆದ್ದಾರಿ ಬಿಟ್ಟು ಮದ್ದೂರಿನಲ್ಲಿ ಇಳಿದು ವಡೆ ತಿಂದೆವು. ಬುಟ್ಟಿಯೊಳಗೆ ಗೌರಿ ಒಂದೇ ಸಮನೆ ಕೂಗುತ್ತಿತ್ತು. ಅತ್ತೆ ತಮ್ಮ ವಡೆಯನ್ನು ಪೂರ್ತಿ ತಿಂದು ಮುಗಿಸಿ, ಕೈ ಒರೆಸಿಕೊಂಡು, “ಕೊಡಿಸೋಣ” ಎಂದರು. ನನ್ನ ಗಂಡ ಖರ್ಚಿನ ಮಾತು ತೆಗೆದರು. “ನಿಮ್ಮಪ್ಪನಿಗೆ ಕೊಡಿಸುವಾಗ ನನ್ನ ಕೇಳಿರಲಿಲ್ಲ. ಈಗ ಕೇಳ್ತಿದ್ದೀಯ, ಹೇಳ್ತಿದ್ದೀನಿ” ಅಂದರು ಅತ್ತೆ.

ಮೊದಲ ಕೆಲವು ಇಂಜೆಕ್ಷನ್ ಬೆಂಗಳೂರಿನಲ್ಲಿ ಆದವು. ಮುಂದಿನದನ್ನು ಮೈಸೂರಿನ ಡಾಕ್ಟರೇ ಕೊಡಲು ಒಪ್ಪಿದರು. ವಿನ್‌ಕ್ರಿಸ್ಟಿನ್ ಅವರಿಗೆ ಹೊಸದಲ್ಲ. ನಮ್ಮ ದೇಶದ ದನದ ಡಾಕ್ಟರುಗಳ ಕೈ ಈ ಔಷಧಿಯಲ್ಲಿ ಪಳಗಿರುವುದು ಬೀದಿನಾಯಿಗಳಿಂದಾಗಿ. ನಾಯಿಗಳಲ್ಲಿ ಕೂಡುವಿಕೆಯಿಂದ ಒಂದರಿಂದ ಇನ್ನೊಂದಕ್ಕೆ ಹರಡುವ ಒಂದು ಗಡ್ಡೆ ಇದೆ. ವಾರಕ್ಕೊಂದರಂತೆ ಕೆಲವು ವಿನ್‌ಕ್ರಿಸ್ಟಿನ್ ಕೊಟ್ಟರೆ ಬಹುಪಾಲು ವಾಸಿಯೇ ಆಗಿಬಿಡುತ್ತದೆ. “ವಾರ ವಾರ ಬೀದಿನಾಯಿ ಹಿಡಿದು ತಂದು ಕೂರಿಸ್ತಾರಲ್ಲ, ಅವರ ಮುಂದೆ ನೀವೇನು” ಎಂದರು ಡಾಕ್ಟರು. ನಿಜ, ನಮ್ಮದು ಮನೆಯ ಬೆಕ್ಕು. ಕಚ್ಚಿದರೂ ಗುರುತಿನವರನ್ನೇ ಕಚ್ಚುತ್ತದೆ.

ಔಷಧಿ ಮಾತ್ರ ಹೊರಗಿನಿಂದ ತರಬೇಕಿತ್ತು, ಮನುಷ್ಯರ ಮೆಡಿಕಲ್ ಶಾಪಿನಿಂದ. ಚೀಟಿ ಕೊಟ್ಟೆ. ಅಂಗಡಿಯಾತ ಕಂಪ್ಯೂಟರಿನಲ್ಲಿ ಬಡಿಯುತ್ತಾ, “ಪೇಷೆಂಟ್ ಹೆಸರು?”

“ಗೌರಿ.”

“ವಯಸ್ಸು?”

“ಹತ್ತು.”

ಆತನ ಬೆರಳು ನಿಂತಿತು. ಮಕ್ಕಳ ರಕ್ತದ ಕ್ಯಾನ್ಸರಿಗೂ ಇದೇ ಔಷಧಿ, ಆತನಿಗೆ ಅದು ಗೊತ್ತು. “ಯಾವ ಆಸ್ಪತ್ರೇಲಿದೆ ಮಗು?” ಎಂದು ಮೆಲ್ಲಗೆ ಕೇಳಿದ. ಬೆಕ್ಕು ಎಂದೆ. ಬೈಯುತ್ತಾನೇನೋ ಅಂದುಕೊಂಡೆ. ಆತ ಉಸಿರು ಬಿಟ್ಟು, “ಸದ್ಯ!” ಎಂದ. ಮರುಕ್ಷಣ ಅದು ಸರಿಹೋಗಲಿಲ್ಲ ಅನ್ನಿಸಿತೋ ಏನೋ, “ಹಾಗಲ್ಲ ಮೇಡಂ, ಅದಕ್ಕೂ ಆಗಬಾರದಿತ್ತು” ಎಂದು ಸೇರಿಸಿದ. ಒಂದು ಮಿಲಿಗ್ರಾಮಿನ ಪುಟ್ಟ ಸೀಸೆ. ನೂರರ ನೋಟಿಗೆ ಚಿಲ್ಲರೆ ವಾಪಸ್ ಬಂತು. ನಮಗೆ ದುಡ್ಡು ಖರ್ಚಾದದ್ದೆಲ್ಲ ಸ್ಕ್ಯಾನಿಗೆ, ರಕ್ತ ಪರೀಕ್ಷೆಗೆ, ಪೆಟ್ರೋಲಿಗೆ, ಟೋಲಿಗೆ. ಔಷಧಿಗಲ್ಲ. ಆ ಸೀಸೆಯನ್ನು ಬಿಸಿಲು ತಾಗದಂತೆ, ಐಸ್ ಇಟ್ಟ ಫ್ಲಾಸ್ಕಿನಲ್ಲಿ ಒಯ್ಯಬೇಕು. ಅದರಲ್ಲಿ ಗೌರಿಯ ಪಾಲು ಕಾಲು ಮಿಲಿಗ್ರಾಮಿಗಿಂತ ಕಡಿಮೆ. ಸಿರಿಂಜಿನ ತಳದಲ್ಲಿ ಔಷಧಿ ಇದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಆದರೆ ರಕ್ತನಾಳ ತಪ್ಪಿ ಹೊರಗೆ ಜಾರಿದರೆ ಸುತ್ತಲಿನ ಚರ್ಮ, ಮಾಂಸ ಕೊಳೆಯುತ್ತದೆ. ಮುಂಗಾಲಿನ ಕೂದಲು ಬೋಳಿಸಿ, ನಾಳಕ್ಕೆ ಸೂಜಿ ಕೂರಿಸಿ, ಸಲೈನ್ ಬಿಟ್ಟು ಪರೀಕ್ಷಿಸಿ, ಆಮೇಲೆ ಔಷಧಿ, ಮತ್ತೆ ಸಲೈನ್. ಅಷ್ಟು ಹೊತ್ತೂ ಅತ್ತೆ ಗೌರಿಯ ತಲೆ ಹಿಡಿದುಕೊಂಡು ವಿಷ್ಣು ಸಹಸ್ರನಾಮ ಹೇಳುತ್ತಿದ್ದರು. ಡಾಕ್ಟರ ಕೈ ಅದರ ಲಯಕ್ಕೆ ಹೊಂದಿಕೊಂಡುಬಿಟ್ಟಿತ್ತು ಅಂತ ನನ್ನ ಅನುಮಾನ.

ಒಮ್ಮೆ ಡಾಕ್ಟರು ನಮ್ಮ ಗೇಟಿನ ಪಕ್ಕದ ಕಾಶಿ ಕಣಗಿಲೆ ಗಿಡ ನೋಡಿ, “ಅಮ್ಮ, ಗೌರಿಗೆ ಕೊಡ್ತಿರೋದು ಇದರಿಂದಲೇ ಬಂದ ಔಷಧಿ” ಎಂದರು. ಅತ್ತೆ ದಿನಾ ಪೂಜೆಗೆ ಕೀಳುವ ಹೂವು. ಮಡಗಾಸ್ಕರಿನ ಗಿಡ, ಜಗತ್ತೆಲ್ಲ ಹಬ್ಬಿದೆ. ಸಕ್ಕರೆ ಕಾಯಿಲೆಗೆ ಇದರ ಎಲೆ ಅಗಿಯುವವರು ನಮ್ಮಲ್ಲೂ ಇದ್ದಾರೆ, ಜಮೈಕಾದಲ್ಲೂ ಕಷಾಯ ಮಾಡಿ ಕುಡಿಯುತ್ತಿದ್ದರು. ಆ ಎಲೆಗಳು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಎಂಬ ವಿಜ್ಞಾನಿಯ ಕೈಸೇರಿದವು. ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಬಿಳಿ ರಕ್ತಕಣ ಇಳಿಸುವುದಾದರೆ ರಕ್ತದ ಕ್ಯಾನ್ಸರಿಗೆ ಯಾಕಾಗಬಾರದು ಎಂದು ಅವರೂ ಚಾರ್ಲ್ಸ್ ಬಿಯರ್ ಎಂಬವರೂ ಸೇರಿ 1958ರಲ್ಲಿ ವಿನ್‌ಬ್ಲಾಸ್ಟಿನ್ ತೆಗೆದರು. ಅದೇ ಗಿಡದ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಇದನ್ನೆಲ್ಲ ನಾನು ಓದಿ ಹೇಳಿದೆ. ಅತ್ತೆ ಗಂಭೀರವಾಗಿ, “ಹಾಗಾದ್ರೆ ನಾಲ್ಕು ಎಲೆ ಅರೆದು ಕೊಟ್ಟರಾಯ್ತಲ್ಲ” ಎಂದರು. ಎಲೆ ವಿಷ, ಚೂರೇ ಚೂರು ಔಷಧಿಗೆ ರಾಶಿಗಟ್ಟಲೆ ಒಣ ಎಲೆ ಬೇಕು ಅಂತೆಲ್ಲ ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು. ಆಮೇಲೆ ಆ ಗಿಡಕ್ಕೆ ದಿನಕ್ಕೆರಡು ಹೊತ್ತು ನೀರು. ಅದು ನೀರು ಬೇಡದ ಗಿಡ, ಸಾಯುವುದೊಂದು ಬಾಕಿ.

ಕೀಮೋ ಎಂದರೆ ಕೂದಲು ಉದುರುವುದು ಅಂತ ನಮ್ಮ ಕಲ್ಪನೆ. ಬೆಕ್ಕಿಗೆ ಹಾಗೆ ಉದುರುವುದಿಲ್ಲ, ಮೀಸೆ ಉದುರುತ್ತದೆ. ಒಂದೊಂದಾಗಿ ಜಮಖಾನದ ಮೇಲೆ ಬಿಳಿ ತಂತಿಯಂಥ ಎಳೆಗಳು ಸಿಕ್ಕವು. ಬೋಳಿಸಿದ ಜಾಗದಲ್ಲಿ ಕೂದಲು ಬರಲು ತಿಂಗಳುಗಳೇ ಬೇಕಾದವು. ಇವು ನೋಡುವವರ ಕಷ್ಟ. ಗೌರಿಯ ಕಷ್ಟ ಊಟದ್ದು. ಇಂಜೆಕ್ಷನ್ ಆಗಿ ಎರಡು ಮೂರು ದಿನಕ್ಕೆ ತಟ್ಟೆಯ ಹತ್ತಿರ ಬಂದು, ಮೂಸಿ, ನೆಲ ಕೆರೆದು, ಮಣ್ಣು ಮುಚ್ಚಿದಂತೆ ಮಾಡಿ ಹೊರಟುಹೋಗುತ್ತಿತ್ತು. ಬಿಸ್ಕತ್ತೂ ಬೇಡ, ಮೊಸರನ್ನವೂ ಬೇಡ. ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ, ಈಗಲಾದರೂ ಕೋಳಿಯೋ ಮೀನೋ ಬೇಯಿಸಿ ಕೊಡಿ ಎಂದರು ಡಾಕ್ಟರಮ್ಮ.

ಅತ್ತೆ ಒಂದು ರಾತ್ರಿ ಯೋಚಿಸಿದರು. ಬೆಳಗ್ಗೆ ತೀರ್ಪು ಬಂತು. “ಔಷಧಿ ಅಂದ್ಮೇಲೆ ಔಷಧಿ. ಆದ್ರೆ ನನ್ನ ಪಾತ್ರೆ ಮುಟ್ಟಬೇಡ, ನನ್ನ ಒಲೆ ಮುಟ್ಟಬೇಡ.” ಹಾಗೆ ಬಂದದ್ದು ಹಿತ್ತಲ ಇಂಡಕ್ಷನ್ ಒಲೆ. ಮೀನು ತಂದುಕೊಡುವ ಕೆಲಸ ಪಕ್ಕದ ಮನೆಯ ಮಂಗಳೂರಿನ ಆಂಟಿಯದು. ಕಾಂಪೌಂಡಿನ ಮೇಲಿಂದ ಕವರ್ ದಾಟಿಸುತ್ತಾ, “ಉಪ್ಪು ಹಾಕ್ಬೇಡ, ಈರುಳ್ಳಿ ಬೆಳ್ಳುಳ್ಳಿಯಂತೂ ಬೇಡವೇ ಬೇಡ, ಬೆಕ್ಕಿನ ರಕ್ತ ಒಡೆಯುತ್ತೆ” ಎಂದರು ಆ ಆಂಟಿ. ಡಾಕ್ಟರಮ್ಮನನ್ನು ಕೇಳಿದರೆ ಹೌದು, ಅವೆರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ ಎಂದರು. ಅತ್ತೆಗೆ ಇದಕ್ಕಿಂತ ದೊಡ್ಡ ವಿಜಯ ಬೇಕಿರಲಿಲ್ಲ. “ನೋಡು, ಬೆಕ್ಕಿಗೂ ಗೊತ್ತು” ಎಂದು ನನಗೆ ಇವತ್ತಿಗೂ ಈರುಳ್ಳಿ ಹೆಚ್ಚುವಾಗ ಹೇಳುತ್ತಾರೆ.

ಊಟ ಬಿಸಿ ಇರಬೇಕೋ ತಣ್ಣಗಿರಬೇಕೋ ಎನ್ನುವುದಕ್ಕೆ ಜಗಳವೇ ಆಯಿತು. ಕೀಮೋ ಆದವರಿಗೆ ಬಿಸಿ ಅನ್ನದ ವಾಸನೆಗೇ ಹೊಟ್ಟೆ ತೊಳಸುತ್ತದೆ, ತಣ್ಣಗಿನ ಮೊಸರನ್ನ ಮಾತ್ರ ಇಳಿಯುತ್ತದೆ ಎನ್ನುವುದು ಅತ್ತೆಯ ಅನುಭವ. ಅವರು ಹೇಳುತ್ತಿದ್ದುದು ಮಾವನ ವಿಚಾರ. ಬೆಕ್ಕಿಗೆ ವಾಸನೆ ಹತ್ತಿದರೆ ಮಾತ್ರ ಬಾಯಿ ಆಡುತ್ತದೆ, ಮೈಬಿಸಿಯಷ್ಟು ಬೆಚ್ಚಗಿರಲಿ ಅನ್ನುವುದು ಡಾಕ್ಟರಮ್ಮನ ಮಾತು. ಎರಡು ತಟ್ಟೆ ಇಟ್ಟೆವು. ಗೌರಿ ಬೆಚ್ಚಗಿನದನ್ನು ನೆಕ್ಕಿತು. “ಅವರಿಗೂ ಒಂದ್ಸಲ ಬಿಸಿ ಸಾರು ಕೊಟ್ಟು ನೋಡ್ಬೇಕಿತ್ತು” ಎಂದರು ಅತ್ತೆ. ಮಾವನ ಆ ದಿನಗಳ ಬಗ್ಗೆ ಅವರು ನನ್ನೆದುರು ಬಾಯಿ ಬಿಟ್ಟದ್ದು ಅದೇ ಮೊದಲು.

ಮಾತ್ರೆಯ ವಿಚಾರದಲ್ಲಿ ಮಾತ್ರ ಅತ್ತೆಯೇ ಗುರು. ಪ್ರೆಡ್ನಿಸೊಲೋನ್ ವಿಪರೀತ ಕಹಿ. ನಾನು ಟವೆಲ್ಲಿನಲ್ಲಿ ಸುತ್ತಿ, ದವಡೆ ಒತ್ತಿ, ಗಂಟಲಿಗೆ ತಳ್ಳಿದರೆ ಬಾಯಿತುಂಬ ನೊರೆ ತರಿಸಿಕೊಂಡು ಮಾತ್ರೆಯನ್ನು ಗೋಡೆಗೆ ಉಗುಳುತ್ತಿತ್ತು. ಅತ್ತೆ ಫ್ರಿಜ್ಜಿನ ಗಟ್ಟಿ ಬೆಣ್ಣೆಯನ್ನು ಹೆಬ್ಬೆರಳಿನಿಂದ ತಟ್ಟಿ, ನಡುವೆ ಮಾತ್ರೆ ಇಟ್ಟು, ಉರುಟು ಮಾಡಿ ಮತ್ತೆ ಐದು ನಿಮಿಷ ಫ್ರಿಜ್ಜಿಗೆ. ಮೊದಲು ಬರಿಯ ಬೆಣ್ಣೆಯದೊಂದು ಉಂಡೆ, ಆಮೇಲೆ ಮಾತ್ರೆಯದು, ಬೆನ್ನಿಗೇ ಇನ್ನೊಂದು ಬರಿಯದು. ಮೂರನೆಯದರ ಆಸೆಗೆ ಎರಡನೆಯದನ್ನು ಕಚ್ಚದೆ ನುಂಗುತ್ತಿತ್ತು. ಸೈಕ್ಲೋಫಾಸ್ಫಮೈಡ್ ಮಾತ್ರೆ ಮುರಿಯುವ ಹಾಗಿಲ್ಲ, ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಅದಾದ ಮೂರು ದಿನ ಗೌರಿಯ ಮಲಮೂತ್ರದ ತಟ್ಟೆಯನ್ನೂ ಕೈಗವಸು ಹಾಕಿಯೇ ತೆಗೆಯಬೇಕು. ಬಸುರಿ ನಾದಿನಿ ಬಂದಿದ್ದಾಗ ಆ ಕಡೆ ಸುಳಿಯದಂತೆ ಅತ್ತೆ ಬಾಗಿಲಿಗೆ ಅಡ್ಡ ಕುರ್ಚಿಯಿಟ್ಟರು. ನೀಲಿ ಕೈಗವಸು ತೊಟ್ಟು ಬೆಣ್ಣೆ ಉರುಟು ಮಾಡುವ ಅತ್ತೆಯನ್ನು ಕಂಡು ಹಾಲಿನವನು ಗಾಬರಿಯಾಗಿದ್ದ.

ಹಸಿವಾಗಲಿ ಎಂದು ಮಿರ್ಟಾಜಪಿನ್ ಕೊಟ್ಟರು. ಮನುಷ್ಯರಿಗೆ ಖಿನ್ನತೆಗೆ ಕೊಡುವ ಮಾತ್ರೆ, ಅದರ ಎಂಟನೇ ಒಂದು ಚೂರು. ಆ ರಾತ್ರಿ ಗೌರಿ ಮನೆಯ ತುಂಬ ಓಡಾಡಿ, ಹಾಡಿ, ತಟ್ಟೆ ಖಾಲಿ ಮಾಡಿ, ಮತ್ತೆ ಹಾಡಿತು. ಯಾರೂ ಮಲಗಲಿಲ್ಲ. ಯಾರಿಗೂ ಬೇಸರವೂ ಆಗಲಿಲ್ಲ.

ನೀರು ಕಡಿಮೆ ಕುಡಿದ ದಿನ ಚರ್ಮದಡಿಗೆ ರಿಂಗರ್ ಲ್ಯಾಕ್ಟೇಟ್ ಹಾಕುವುದನ್ನು ಕಲಿತೆವು. ಬಾಟಲಿ ಹಿಡಿಯುವುದು ಇವರ ಕೆಲಸ. ನಾನು ಹೆಗಲ ಹತ್ತಿರ ಚರ್ಮ ಎತ್ತಿ, ಆ ಮಡಿಕೆಯೊಳಗೆ ಸೂಜಿ ತೂರಿಸುತ್ತಿದ್ದೆ. ನೂರು ಮಿಲಿ ಇಳಿಯುವಷ್ಟರಲ್ಲಿ ಬೆನ್ನಿನ ಮೇಲೆ ಒಂಟೆಯ ಡುಬ್ಬದಂತೆ ಏಳುತ್ತಿತ್ತು. ನಡೆಯತೊಡಗಿದರೆ ಅದು ಮೆಲ್ಲಗೆ ಜಾರಿ ಮುಂಗಾಲಿಗೆ ಇಳಿಯುತ್ತಿತ್ತು, ಬೆಳಗಾಗುವಷ್ಟರಲ್ಲಿ ಮೈ ಹೀರಿಕೊಳ್ಳುತ್ತಿತ್ತು. ಅಂಥದೊಂದು ರಾತ್ರಿ, ಗೌರಿಯ ಕಿವಿಯ ಹಿಂದೆ ಕೆರೆಯುತ್ತಾ ಅತ್ತೆ ಯಾರಿಗೂ ಅಲ್ಲ ಎಂಬಂತೆ ಹೇಳಿದರು.

“ಇದೇ ವಾಸಿ. ಇದಕ್ಕೆ ಹೇಳೋ ಹಾಗೂ ಇಲ್ಲ, ಮುಚ್ಚಿಡೋ ಹಾಗೂ ಇಲ್ಲ. ಅವರಿಗೆ ಗೊತ್ತಿತ್ತು.”

ಇವರು ತಿರುಗಿ ನೋಡಿದರು.

“ಕಿದ್ವಾಯಿಗೆ ಕರ್ಕೊಂಡು ಹೋಗಿ ಗ್ಯಾಸ್ಟ್ರಿಕ್ಕು ಅಂದ್ರೆ ನಂಬೋಕೆ ನಿಮ್ಮಪ್ಪ ಏನು ಮಗುನಾ? ನೀವು ನಾಟಕ ಆಡ್ತಿದ್ದೀರಿ ಅಂತ ಅವರೂ ಆಡಿದ್ರು. ಒಂದಿನ ನನ್ನ ಕೂರಿಸ್ಕೊಂಡು ಪಾಸ್‌ಬುಕ್ಕು, ಎಲ್‌ಐಸಿ ಬಾಂಡು ಎಲ್ಲಿದೆ ಅಂತ ತೋರಿಸಿದ್ರು. ಗ್ಯಾಸ್ಟ್ರಿಕ್ಕಿಗೆ ಯಾಕ್ರೀ ಎಲ್‌ಐಸಿ ಬಾಂಡು ಅಂದೆ. ನಕ್ಕರು. ನಾನೂ ನಕ್ಕೆ. ಮಕ್ಕಳಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ ಅಂದ್ರು.”

ಇವರು ಏನೂ ಅನ್ನಲಿಲ್ಲ. ಬಾಟಲಿಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು, ಕೈ ನೋಯುವಷ್ಟು ಹೊತ್ತು.

ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಕರುಳಿನ ಗೋಡೆ ಮಾಮೂಲಿಗೆ ಬಂದಿತ್ತು. ತೂಕ ಮೂರೂವರೆ ದಾಟಿತು. ಮೀಸೆ ಗಿಡ್ಡಗೆ, ಒಂದಕ್ಕೊಂದು ಹೊಂದದಂತೆ ಚಿಗುರಿತು. ‘ಬೆಕ್ಕಿಗೆ ಇಷ್ಟೆಲ್ಲ ಯಾಕೆ, ಹಸುವಾಗಿದ್ದರೆ ಮಾತು ಬೇರೆ’ ಎಂದ ನೆಂಟರಿದ್ದರು. ವಾದ ಮಾಡಲು ನನಗೆ ಮನಸ್ಸಿರಲಿಲ್ಲ. ಆ ದುಡ್ಡಿನಲ್ಲಿ ನಾವು ಬೇರೇನು ಘನಕಾರ್ಯ ಮಾಡುತ್ತಿದ್ದೆವು? ಹಾಲ್‌ನ ಸೋಫಾ ಬದಲಾಯಿಸುತ್ತಿದ್ದೆವು. ಗೌರಿ ಅದನ್ನೂ ಉಗುರಿನಿಂದ ಹರಿಯುತ್ತಿತ್ತು.

ಒಂದು ವರ್ಷದ ಮೇಲೆ ಹಾಗೆ ಕಳೆಯಿತು. ಹಲ್ಲಿ ಹಿಡಿಯಿತು, ಕಾಂಪೌಂಡ್ ಹಾರಿತು, ಆಂಟಿಯ ಮನೆಯ ಬಂಗುಡೆ ಕದ್ದು ನಮ್ಮ ಮಾನ ತೆಗೆಯಿತು. 2024ರ ಧನುರ್ಮಾಸದಲ್ಲಿ, ಬೆಳಗಿನ ಜಾವ ಹುಗ್ಗಿಯ ನೈವೇದ್ಯಕ್ಕೆ ಅತ್ತೆ ಎದ್ದಾಗ ಕಾಲಿಗೆ ಸುತ್ತಿಕೊಳ್ಳುವುದು ನಿಂತಿತು. ಬೆಣ್ಣೆಯನ್ನು ಮೂಸಿ ಬಿಟ್ಟಿತು. ಸ್ಕ್ಯಾನಿನಲ್ಲಿ ಗಡ್ಡೆ ವಾಪಸ್ ಬಂದಿತ್ತು, ಯಕೃತ್ತಿಗೂ ಹರಡಿತ್ತು. ಬೇರೆ ಔಷಧಿಯೊಂದಿದೆ, ಕೆಲವಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ ಎಂದರು ಡಾಕ್ಟರಮ್ಮ. “ನೀವು ಮೊದಲೇ ಹೇಳಿದ್ರಲ್ಲ, ಒದ್ದಾಡಿದ್ರೆ ನಿಲ್ಲಿಸೋದು ಅಂತ” ಎಂದು ಅತ್ತೆ ನೆನಪಿಸಿದರು. ಮೈಸೂರಿನ ಡಾಕ್ಟರು ಮನೆಗೇ ಬಂದರು. ಮೊದಲು ನಿದ್ದೆಯ ಇಂಜೆಕ್ಷನ್, ಆಮೇಲೆ ಇನ್ನೊಂದು. ಅತ್ತೆ ಅವತ್ತು ಸಹಸ್ರನಾಮ ಹೇಳಲಿಲ್ಲ. ಅವತ್ತಿಡೀ ಅಡುಗೆಮನೆ ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು. ಇಂಡಕ್ಷನ್ ಒಲೆಯನ್ನು ಆಂಟಿಗೆ ಕೊಟ್ಟೆವು.

ಹೋದ ವರ್ಷ ಅತ್ತೆಯ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡಿನದು. ಸೂಜಿ ಹಾಕಿ ಪರೀಕ್ಷೆಗೆ ಕಳಿಸಬೇಕೆಂದರು. “ಗೌರಿಗೆ ಹಾಕಿದ ಹಾಗೇನಾ? ಅದು ಕೂಗಲಿಲ್ಲ, ಹಾಕಿ” ಎಂದು ಕುತ್ತಿಗೆ ಒಡ್ಡಿದರು. ವರದಿಯಲ್ಲಿ ಭಯಪಡುವಂಥದ್ದೇನೂ ಇರಲಿಲ್ಲ. ಆದರೆ ಅದು ನಮಗೆ ಗೊತ್ತಾಗುವ ಮೊದಲು, ಲಕೋಟೆ ಬಿಡಿಸಿದ ಡಾಕ್ಟರು ರೂಢಿಯಂತೆ ಇವರ ಕಡೆ ತಿರುಗಿ, “ಸ್ವಲ್ಪ ಹೊರಗೆ ಬನ್ನಿ, ಮಾತಾಡೋಣ” ಎಂದರು. ಇವರು ಏಳಲಿಲ್ಲ. ಅತ್ತೆ ಮೇಜಿನ ಮೇಲಿಂದ ಕೈ ಚಾಚಿ ಕಾಗದ ತಮ್ಮ ಕಡೆ ಎಳೆದುಕೊಂಡು, ಕನ್ನಡಕ ಹುಡುಕುತ್ತಾ ಹೇಳಿದರು:

“ಆ ಕಡೆ ಯಾಕೆ ನೋಡ್ತೀರಾ ಡಾಕ್ಟ್ರೇ? ಕುತ್ತಿಗೆ ನಂದು.”